ಒಂದೇ ತಳಿ, ಆದರೂ ಒಂದೊಂದು ಇಲಿ ಒಂದೊಂದು ಥರ: ಅನುಭವ ಇರುವವರು ತಿಳಿಸಿ

ಪ್ರಶ್ನೆ: ಬೆಂಗಳೂರಿನಲ್ಲಿ ಎಂ.ಫಾರ್ಮ್ ಮಾಡುತ್ತಿದ್ದೇನೆ. ಪ್ರಾಜೆಕ್ಟ್ ವಿಸ್ಟಾರ್ ಅನ್ನುವ ಲ್ಯಾಬ್ ತಳಿಯ ಇಲಿಗಳ ಮೇಲೆ. ಕೆಲವು ಗಂಡಿಲಿಗಳು ಹೆಣ್ಣನ್ನು ಬಿಟ್ಟ ತಕ್ಷಣ ಕೂಡುತ್ತವೆ, ಕೆಲವು ಮೂಸಿ ನೋಡಿ ಮೂಲೆ ಸೇರುತ್ತವೆ. ನೋವು ಅಳೆಯಲು ಇಡುವ ಬಿಸಿ ತಟ್ಟೆ, ಅಂದರೆ ಹಾಟ್ ಪ್ಲೇಟ್ ಮೇಲೂ ಅಷ್ಟೇ. ಒಂದು ಬೇಗ ಪಾದ ನೆಕ್ಕಿಕೊಂಡರೆ ಇನ್ನೊಂದು ಸುಮ್ನೆ ನಿಂತಿರುತ್ತದೆ. ಕೂಡದವನ್ನು ಲೆಕ್ಕದಿಂದ ಕೈಬಿಡಬಹುದಾ?

ಪಿಎಚ್‌ಡಿ ಮುಗಿಸಿದವರೊಬ್ಬರು: ದಯವಿಟ್ಟು ಬಿಡಬೇಡಿ ಮೇಡಂ. ಚುರುಕಿನವು, ನಿಧಾನದವು, ಏನು ಮಾಡಿದರೂ ಕೂಡದವು ಎಲ್ಲ ಇರುತ್ತವೆ. ಔಷಧಿ ಕೊಡುವ ಮುಂಚೆಯೇ ಯಾವುದು ಯಾವ ಥರ ಅಂತ ಬರೆದಿಟ್ಟುಕೊಳ್ಳಿ, ಥೀಸಿಸ್‌ಗೆ ಅದೇ ಬಲ. ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ.

ಮೊದಲು ಹೆಣ್ಣಿಲಿ ತಯಾರಿದೆಯಾ ನೋಡಿ. ಅದರ ಋತುಚಕ್ರ 4–5 ದಿನದ್ದು. ಗಂಡನ್ನು ಹತ್ತಿರ ಸೇರಿಸುವುದು ಪ್ರೋಈಸ್ಟ್ರಸ್ (ಬೆದೆಗೆ ಮುಂಚಿನ ಹಂತ) ದಿನ ಕತ್ತಲಾಗುವ ಹೊತ್ತಿಗೆ. ಬೆಳಿಗ್ಗೆ ಯೋನಿಯ ಸ್ಮಿಯರ್ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿ. ನ್ಯೂಕ್ಲಿಯಸ್ ಎದ್ದು ಕಾಣುವ ದುಂಡನೆಯ ಕೋಶಗಳೇ ತುಂಬಿದ್ದರೆ ಆ ರಾತ್ರಿಗೆ ಸರಿ. ಪುಟ್ಟ ಬಿಳಿ ರಕ್ತಕಣಗಳೇ ಜಾಸ್ತಿ ಇದ್ದರೆ ಆವತ್ತು ಗಂಡಿಲಿಯನ್ನು ದೂರುವುದು ಅನ್ಯಾಯ ಅಲ್ವಾ? ಹಗಲು ಟ್ಯೂಬ್‌ಲೈಟ್ ಕೆಳಗೆ ಪರೀಕ್ಷೆ ಬೇಡ. ರಾತ್ರಿ ಲ್ಯಾಬ್ ಮುಗಿಸಿ ಹೆಬ್ಬಾಳದ ಕಡೆ ಬಸ್ ಹಿಡಿಯುವ ಕಷ್ಟ ನನಗೂ ಗೊತ್ತು. ಅನಿಮಲ್ ಹೌಸ್‌ನಲ್ಲಿ ಲೈಟ್ ಟೈಮರ್ ತಿರುಗಿಸಿ ಹಗಲನ್ನೇ ಕತ್ತಲು ಮಾಡಿಸಿ, ಒಂದೆರಡು ವಾರ ಹೊಂದಿಕೊಳ್ಳಲು ಬಿಡಿ. ಆಮೇಲೆ ಮಂದ ಕೆಂಪು ದೀಪದಲ್ಲಿ ನೋಡಿ.

ನೋವಿನ ಮೇಲೆ ಕೆಲಸ ಮಾಡಿದವರು: ಕೂಡಿಸಿದ ಬೆನ್ನಲ್ಲೇ ಹಾಟ್ ಪ್ಲೇಟ್ ಮೇಲೆ ಇಡಬೇಡಿ. ಕೂಡುವುದರಿಂದಲೇ ನೋವು ತಗ್ಗುತ್ತದೆ. ಹೆಣ್ಣಿಲಿಗಳಲ್ಲಿ ಯೋನಿಯ ಪ್ರಚೋದನೆಯಿಂದ ನೋವು ತಗ್ಗುತ್ತದೆ ಅಂತ ವಿಜ್ಞಾನಿ ಕೊಮಿಸರುಕ್ ಅವರ ತಂಡ 1970ರ ದಶಕದಲ್ಲೇ ತೋರಿಸಿತ್ತು, ಕೂಡಿದ ಮೇಲೆ ನೋವು ತಗ್ಗುವುದು ಗಂಡಿಲಿಗಳಲ್ಲೂ ಕಂಡಿದೆ. ದೇಹವೇ ತಯಾರಿಸುವ ಓಪಿಯಾಯ್ಡ್‌ಗಳ (ನೋವು ತಗ್ಗಿಸುವ ರಾಸಾಯನಿಕಗಳ) ಕೈವಾಡ ಇದರಲ್ಲಿದೆ. ಹಾಗಾಗಿ ಬೇಸ್‌ಲೈನ್ (ಏನೂ ಮಾಡುವ ಮುಂಚಿನ ಅಳತೆ) ಬೇರೆ ದಿನ ತೆಗೆದು, ಪ್ರತಿ ಇಲಿಯನ್ನೂ ಅದರದೇ ಬೇಸ್‌ಲೈನ್ ಜೊತೆ ಹೋಲಿಸಿ. ಎಣಿಸುವುದು ಹಿಂಗಾಲು ನೆಕ್ಕುವುದನ್ನಾ, ಜಿಗಿಯುವುದನ್ನಾ ಅಂತ ಮೊದಲೇ ಗೊತ್ತು ಮಾಡಿ. ಮುಂಗಾಲನ್ನು ಮೂತಿ ಒರೆಸಿಕೊಳ್ಳುವಾಗಲೂ ನೆಕ್ಕುತ್ತವೆ. ಸುಮ್ನೆ ನಿಂತ ಇಲಿಗೆ ನೋವೇ ಇಲ್ಲ ಅಂದುಕೊಳ್ಳಬೇಡಿ, ಹೆದರಿ ಮರಗಟ್ಟಿರಬಹುದು. ಕಟ್-ಆಫ್ ಸಮಯ (ಮೊದಲೇ ಗೊತ್ತು ಮಾಡಿದ ಗರಿಷ್ಠ ಹೊತ್ತು) ಆದ ಕೂಡಲೇ ಎತ್ತಿಬಿಡಿ, ಪಾದ ಸುಡಬಾರದು.

ಮತ್ತೊಬ್ಬರು: ಇಲಿಯನ್ನು ಯಾರು ಹಿಡಿದರು ಅನ್ನುವುದನ್ನೂ ಬರೆಯಿರಿ. ಗಂಡಸರು ಹತ್ತಿರ ಇದ್ದರೆ ಇಲಿಗಳು ಗಾಬರಿಯಾಗಿ ನೋವು ಕಡಿಮೆ ತೋರಿಸುತ್ತವೆ ಅಂತ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2014ರಲ್ಲಿ ಕಂಡುಕೊಂಡರು. ಗಂಡಸರು ಹಾಕಿದ್ದ ಟೀ ಶರ್ಟ್ ಇಟ್ಟರೂ ಸಾಕಂತೆ. ಒಂದು ದಿನ ನೀವು, ಇನ್ನೊಂದು ದಿನ ನಿಮ್ಮ ಸರ್ ಹಿಡಿದರೆ ಅಂಕಿ ಹೊಯ್ದಾಡುತ್ತದೆ. ಕೊನೆಗೂ ಇಲಿ ಸಾಲದು ಅನಿಸಿದರೆ, ತರಿಸುವ ಮುಂಚೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯಿರಿ.