ಚಿಕ್ಕಮಗಳೂರು–ಹಾಸನ ಜಿಆರ್‌ಇ ಟನಲ್: ಜಂಬೊ ಹಾಕಿದ್ರೂ ಫೋಟೊ ಹೋಗ್ತಿಲ್ಲ

ಪ್ರಶ್ನೆ (ಚಿಕ್ಕಮಗಳೂರು, ಐ.ಜಿ. ರಸ್ತೆ):
ಇಲ್ಲಿನ ಆಫೀಸಲ್ಲೊಂದು, ಹಾಸನದಲ್ಲೊಂದು ಅರುಬಾ ಕಂಟ್ರೋಲರ್ (ವೈಫೈ ನಿಭಾಯಿಸೋ ಪೆಟ್ಟಿಗೆ). ಗೆಸ್ಟ್ ವೈಫೈನ ವಿಲ್ಯಾನ್ 40 (ಅದಕ್ಕೆಂದೇ ಬೇರ್ಪಡಿಸಿದ ನೆಟ್‌ವರ್ಕ್) ಲೇಯರ್ 2 ಜಿಆರ್‌ಇ ಟನಲ್‌ನಲ್ಲಿ (ಈಥರ್ನೆಟ್ ಫ್ರೇಮನ್ನ ಐಪಿ ಪ್ಯಾಕೆಟ್ ಒಳಗಿಟ್ಟು ಸಾಗಿಸೋ ದಾರಿ) ಹಾಸನಕ್ಕೆ ಹೋಗಿ ಅಲ್ಲಿಂದ ಇಂಟರ್ನೆಟ್‌ಗೆ ಹೋಗುತ್ತೆ. ಎರಡೂ ಕಡೆ ಫೈಬರ್, ಪಿಪಿಪಿಒಇ (ಯೂಸರ್‌ನೇಮ್ ಕೊಟ್ಟು ಲಾಗಿನ್ ಆಗೋ ಇಂಟರ್ನೆಟ್ ಲೈನ್), ಸ್ಟ್ಯಾಟಿಕ್ ಐಪಿ. ಟನಲ್ ಅಪ್ ಇದೆ, ಪಿಂಗ್ ಬರುತ್ತೆ. ಆದ್ರೆ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತೆ, ಫೋಟೊ ಹೋಗಲ್ಲ; ಬ್ಯಾಂಕ್ ಸೈಟ್ ಸುತ್ತುತ್ತಲೇ ಇರುತ್ತೆ. ಎರಡೂ ಕಂಟ್ರೋಲರ್‌ನಲ್ಲಿ ಜಂಬೊ (ದೊಡ್ಡ ಫ್ರೇಮ್ ಬಿಡೋ ಸೆಟ್ಟಿಂಗ್) 9216 ಬೈಟ್ ಹಾಕಿದ್ರೂ ಅದೇ ಕಥೆ. ಸ್ಟಾಫ್ ವೈಫೈಗೆ ಸರ್ಟಿಫಿಕೇಟ್ ಲಾಗಿನ್, ಅದನ್ನ ಪರಿಶೀಲಿಸೋ ರೇಡಿಯಸ್ ಸರ್ವರ್ ಹಾಸನದಲ್ಲಿ. ಅದೂ ಆಗಾಗ ಕೈ ಕೊಡ್ತಿದೆ. ಎಲ್ಲಿಂದ ಹಿಡಿಯಲಿ?

ಉತ್ತರ (ಹಾಸನ, ಬಿ.ಎಂ. ರಸ್ತೆ):
ಜಂಬೊ ಇದಕ್ಕೆ ಮದ್ದೇ ಅಲ್ಲ ಸರ್. ನಿಮ್ಮ ಮನೆಯೊಳಗೆ 9216 ಇರಬಹುದು, ಬಾಗಿಲಾಚೆ ಪಿಪಿಪಿಒಇ ದಾರಿ 1492 ಬೈಟ್ ಅಷ್ಟೇ ಅಗಲ. ಲೆಕ್ಕ ನೋಡಿ: ಹೊರಗಿನ ಐಪಿ ಹೆಡರ್ 20, ಜಿಆರ್‌ಇ 4, ಒಳಗಿನ ಈಥರ್ನೆಟ್ ಹೆಡರ್ 14, ಒಟ್ಟು 38. ವಿಲ್ಯಾನ್ ಟ್ಯಾಗ್ ಸಮೇತ ಹೋದ್ರೆ 42. 1492ರಲ್ಲಿ 42 ಕಳೆದ್ರೆ ಫೋನಿನ ಪ್ಯಾಕೆಟ್‌ಗೆ ಉಳಿಯೋದು 1450. ಫೋನಿಗೆ ಇದು ಗೊತ್ತಿಲ್ಲ, ಅದು 1500 ತುಂಬಿಸಿಯೇ ಕಳಿಸುತ್ತೆ. ಮೆಸೇಜ್ ಚಿಕ್ಕದು, ನುಸುಳಿ ಹೋಗುತ್ತೆ. ಫೋಟೊ ಪ್ಯಾಕೆಟ್ ಒಂದೊಂದೂ ಭರ್ತಿ, ಅಲ್ಲೇ ಬೀಳುತ್ತೆ. ಮಧ್ಯದಲ್ಲಿ ರೌಟರ್ ಇದ್ದಿದ್ರೆ "ದೊಡ್ಡದಾಯ್ತು, ಚಿಕ್ಕದು ಮಾಡಿ ಕಳಿಸು" ಅಂತ ಐಸಿಎಂಪಿ ಟೈಪ್ 3 ಕೋಡ್ 4 ಕಳಿಸ್ತಿತ್ತು. ಲೇಯರ್ 2 ಟನಲ್ ಸ್ವಿಚ್ ಥರ, ಫೋನಿಗೆ ಅದನ್ನ ಹೇಳೋ ಬಾಯಿಯೇ ಅದಕ್ಕಿಲ್ಲ.

ಬರೀ ಪಿಂಗ್ ನಂಬಬೇಡಿ, ವಿಂಡೋಸ್‌ನಲ್ಲಿ ಅದು ಕಳಿಸೋದು 32 ಬೈಟ್. ಗೆಸ್ಟ್ ವೈಫೈಗೆ ಲ್ಯಾಪ್‌ಟಾಪ್ ಹಾಕಿ, ಹಾಸನದ ಗೇಟ್‌ವೇಗೆ ಪಿಂಗ್ ಮೈನಸ್ ಎಫ್ ಮೈನಸ್ ಎಲ್ 1472 ಕೊಡಿ (ಎಫ್ ಅಂದ್ರೆ ತುಂಡು ಮಾಡಬೇಡ, ಎಲ್ ಅಂದ್ರೆ ಗಾತ್ರ). ನಿಂತ್ರೆ 1426, ಆಮೇಲೆ 1422. ಹೋದ ಸಂಖ್ಯೆಗೆ 28 (ಐಪಿ, ಐಸಿಎಂಪಿ ಹೆಡರ್) ಸೇರಿಸಿದ್ರೆ ಅದೇ ನಿಮ್ಮ ನಿಜವಾದ ಎಂಟಿಯು, ಅಂದ್ರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ.

ಪ್ರಶ್ನೆ ಕೇಳಿದವರು:
1422 ಹೋಯ್ತು, 1423 ನಿಂತ್ಕೊಳ್ತು.

ಉತ್ತರ (ಹಾಸನ, ಬಿ.ಎಂ. ರಸ್ತೆ):
ಹಾಗಾದ್ರೆ ಟ್ಯಾಗ್ ಸಮೇತ ಹೋಗ್ತಿದೆ, ಎಂಟಿಯು 1450. ಹಾಸನದ ಗೇಟ್‌ವೇಯಲ್ಲಿ ವಿಲ್ಯಾನ್ 40ಕ್ಕೆ ಟಿಸಿಪಿ ಎಂಎಸ್‌ಎಸ್ ಕ್ಲಾಂಪ್ ಹಾಕಿ (ಒಂದು ಟಿಸಿಪಿ ಪ್ಯಾಕೆಟ್‌ನಲ್ಲಿ ತುಂಬೋ ಡೇಟಾಗೆ ಮಿತಿ). ಐಪಿಗೆ 20, ಟಿಸಿಪಿಗೆ 20 ಕಳೆದ್ರೆ 1410; ನಾಳೆ ಲೈನ್ ಬದಲಾದ್ರೂ ತೊಂದರೆ ಬೇಡ ಅಂತಿದ್ರೆ 1360. ಹೋಗೋದು ಬರೋದು ಎರಡೂ ದಿಕ್ಕಿಗೆ ಹಾಕಿ. ಒಂದೇ ಕಡೆ ಹಾಕಿದ್ರೆ ಡೌನ್‌ಲೋಡ್ ಸರಿ, ಅಪ್‌ಲೋಡ್ ಹಾಗೇ ಅನ್ನೋ ಹೊಸ ತಲೆನೋವು ಶುರು.

ಉತ್ತರ (ಸಕಲೇಶಪುರ):
ಹಾಗಂತ ಜಂಬೊ ಕಿತ್ತು ಹಾಕಬೇಡಿ. ಎಪಿಯಿಂದ (ವೈಫೈ ಬಿಡೋ ಡಬ್ಬಿ) ಕಂಟ್ರೋಲರ್‌ವರೆಗೂ ಒಂದು ಟನಲ್ ಇದೆಯಲ್ಲ, ಜಂಬೊದ ಕೆಲಸ ಅಲ್ಲಿದೆ. 1500ರ ಪ್ಯಾಕೆಟ್ ಮೇಲೆ ಹೆಡರ್ ಕೂತ್ರೂ ತುಂಡಾಗದೆ ಹೋಗುತ್ತೆ. ಅರುಬಾದಲ್ಲಿ ಎರಡು ಕಡೆ ಆನ್ ಮಾಡ್ಬೇಕು: ಫೈರ್‌ವಾಲ್ ಸೆಟ್ಟಿಂಗ್‌ನಲ್ಲಿ ಒಟ್ಟಾರೆ ಒಂದು ಸಲ, ಆಮೇಲೆ ಪ್ರತಿ ಪೋರ್ಟ್‌ನಲ್ಲಿ. ಪೋರ್ಟ್‌ದು ಮರೆಯೋರೇ ಜಾಸ್ತಿ.

ಆನ್ ಮಾಡೋ ಕ್ರಮ: ಮೊದಲು ನಡುವಿನ ಪಿಒಇ ಸ್ವಿಚ್ (ಎಪಿಗೆ ಕೇಬಲ್‌ನಲ್ಲೇ ಕರೆಂಟ್ ಕೊಡೋದು), ಕೋರ್ ಸ್ವಿಚ್, ಕೊನೆಗೆ ಕಂಟ್ರೋಲರ್. ತಿರುಗಾಮುರುಗಾ ಮಾಡಿದ್ರೆ ಮಧ್ಯದ ಸ್ವಿಚ್ ದೊಡ್ಡ ಫ್ರೇಮ್‌ಗಳನ್ನ ಸದ್ದಿಲ್ಲದೆ ಬಿಸಾಕುತ್ತೆ. ಸಿಸ್ಕೊ 2960 ಥರದ ಹಳೇ ಸ್ವಿಚ್ ಇದ್ರೆ ಎಂಟಿಯು ಬದಲಿಸಿದ ಮೇಲೆ ರೀಲೋಡ್ ಬೇಕು, ಅದಕ್ಕೇ ರಾತ್ರಿ ಮಾಡಿ. ಸಂಖ್ಯೆಯಲ್ಲೂ ಎಡವಬೇಡಿ: ವಿಂಡೋಸ್ ನೆಟ್‌ವರ್ಕ್ ಕಾರ್ಡ್‌ನಲ್ಲಿ ಕಾಣೋ 9014 ಅಂದ್ರೆ 9000 ಜೊತೆಗೆ ಹೆಡರ್ 14. ಸ್ವಿಚ್ ಒಪ್ಪಿದ್ರೆ 9216 ಕೊಡಿ, ಎಲ್ಲಾ ಹಿಡಿಸುತ್ತೆ. ತೋಟದ ಬಂಗಲೆಗೆ ರೇಡಿಯೊ ಲಿಂಕ್‌ನಲ್ಲಿ ಎಪಿ ಕೊಟ್ಟಿದ್ರೆ ಆ ರೇಡಿಯೊದ ಮಿತಿ ಮೊದಲು ನೋಡಿ, ಎಷ್ಟೋ ರೇಡಿಯೊ 2000 ಚಿಲ್ಲರೆ ಬೈಟ್ ದಾಟಲ್ಲ.

ಉತ್ತರ (ಮೂಡಿಗೆರೆ):
ಸರ್ಟಿಫಿಕೇಟ್ ಲಾಗಿನ್ ಕೈ ಕೊಡೋದಕ್ಕೂ ಗಾತ್ರವೇ ಕಾರಣ ಇರಬಹುದು, ಆದ್ರೆ ಅಲ್ಲಿ ಕ್ಲಾಂಪ್ ನಡೆಯಲ್ಲ. ಕ್ಲಾಂಪ್ ಟಿಸಿಪಿಗೆ ಮಾತ್ರ, ರೇಡಿಯಸ್ ಹೋಗೋದು ಯುಡಿಪಿಯಲ್ಲಿ. ಸರ್ಟಿಫಿಕೇಟ್ ಸರಪಳಿ ಉದ್ದ ಇದ್ರೆ ಪ್ಯಾಕೆಟ್ ತುಂಡಾಗುತ್ತೆ; ದಾರಿಯಲ್ಲಿ ಯಾವುದೋ ಫೈರ್‌ವಾಲ್ ಎರಡನೇ ತುಂಡನ್ನ ಬಿಸಾಕಿದ್ರೆ ಮುಗೀತು. ಪಾಸ್‌ವರ್ಡ್ ವೈಫೈ ಸಲೀಸಾಗಿ ಕನೆಕ್ಟ್ ಆಗಿ, ಸರ್ಟಿಫಿಕೇಟ್‌ದು ಮಾತ್ರ ಟೈಮ್‌ಔಟ್ ಆದ್ರೆ ಇದನ್ನೇ ಮೊದಲು ಅನುಮಾನಿಸಿ. ರೇಡಿಯಸ್ ಸರ್ವರ್ ಮೈಕ್ರೋಸಾಫ್ಟ್ ಎನ್‌ಪಿಎಸ್ ಆದ್ರೆ ಫ್ರೇಮ್ಡ್ ಎಂಟಿಯು (ಇಎಪಿ ಅನ್ನೋ ಲಾಗಿನ್ ಮಾತುಕತೆಯ ತುಂಡಿನ ಮಿತಿ) 1344 ಅಥವಾ ಅದಕ್ಕಿಂತ ಕಮ್ಮಿ ಕೊಡಿ. ಫ್ರೀರೇಡಿಯಸ್‌ನಲ್ಲಿ ಇಎಪಿ ಫ್ರಾಗ್ಮೆಂಟ್ ಸೈಜ್ 1024 ಇದೆಯಾ ನೋಡಿ, ಯಾರಾದ್ರೂ ಏರಿಸಿದ್ರೆ ಇಳಿಸಿ.

ಉತ್ತರ (ಬೇಲೂರು):
ಟನಲ್ ಸೆಟ್ಟಿಂಗ್ ಬಗ್ಗೆ ಮೂರು ಮಾತು. ಪ್ರೋಟೋಕಾಲ್ ನಂಬರ್ ಎರಡೂ ತುದಿಯಲ್ಲಿ ಒಂದೇ ಇರಬೇಕು. ಕೀಪ್‌ಅಲೈವ್ (ಆ ತುದಿ ಬದುಕಿದೆಯಾ ಅಂತ ಆಗಾಗ ನೋಡೋದು) ಆನ್ ಮಾಡಿ, ಇಲ್ಲಾಂದ್ರೆ ಆ ಕಡೆ ಸತ್ತು ಬಿದ್ದಿದ್ರೂ ಈ ಕಡೆ ಅಪ್ ಅಂತಲೇ ತೋರಿಸುತ್ತೆ. ಟನಲ್‌ಗೆ ವಿಲ್ಯಾನ್ 40 ಮಾತ್ರ ಹಾಕಿ. ವಿಲ್ಯಾನ್ 1 ಸೇರಿಸಿ, ಅದೇ ವಿಲ್ಯಾನ್ ಬೇರೆ ಲಿಂಕ್‌ನಲ್ಲೂ ಎರಡೂರು ಜೋಡಿಸಿದ್ರೆ ಲೂಪ್ ಆಗಿ ಎರಡೂ ಆಫೀಸು ಒಟ್ಟಿಗೆ ಮಲಗುತ್ತೆ.

ಇನ್ನೊಂದು, ಯಾರೂ ಕೇಳದಿದ್ರೂ ಹೇಳ್ತೀನಿ: ಜಿಆರ್‌ಇಗೆ ಗೂಢಲಿಪಿ ಇಲ್ಲ, ಇಂಟರ್ನೆಟ್ ಮೇಲೆ ಬೆತ್ತಲೆ ಹೋಗ್ತಿದೆ. ಗೂಢಲಿಪಿ ಮಾಡೋ ಐಪಿಸೆಕ್ ಒಳಗೆ ಹಾಕಿ. ಅದರ ಹೆಡರ್ ಬೇರೆ ಜಾಗ ತಿನ್ನುತ್ತೆ, ಆಗ 1410 ಸಾಲದು; ಎಂಎಸ್‌ಎಸ್ 1300ಕ್ಕೆ ಇಳಿಸಿ, ಪಿಂಗ್ ಮತ್ತೆ ಅಳೆಯಿರಿ.