ಪದಚರ್ಚೆ: ಕಾರಿನ ಆಂಪ್ಲಿಫೈಯರ್‌ಗೆ ‘4 ನಂಬರ್ ವೈರ್’ ಅಂದರೆ ಯಾವುದು? ‘ಅರ್ತ್’ಗೆ ಬೇರೆ ಮಾತು ಬೇಕಲ್ವಾ?

ಎಲ್ಲರಿಗೂ ನಮಸ್ಕಾರ.

ಕಾರಿನಲ್ಲಿ ಆಂಪ್ಲಿಫೈಯರ್, ಸಬ್‌ವೂಫರ್ ಹಾಕಿಸಿಕೊಳ್ಳುವವರಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸ್ಪೀಕರ್, ಬಾಕ್ಸ್ ಎಲ್ಲ ಸಲೀಸಾಗಿ ಮುಗಿಯಿತು. ಬ್ಯಾಟರಿಯಿಂದ ಡಿಕ್ಕಿಗೆ ಎಳೆಯುವ ಪವರ್ ವೈರ್‌ನ ಭಾಗಕ್ಕೆ ಬಂದ ಮೇಲೆ ಪದಗಳು ಕಾಡುತ್ತಿವೆ. ಇಲ್ಲಿ ಪದ ತಪ್ಪಿದರೆ ಅಂಗಡಿಯಿಂದ ತಪ್ಪು ವೈರ್ ಬರುತ್ತದೆ, ತಪ್ಪು ವೈರ್ ಕಾರ್ಪೆಟ್ ಕೆಳಗೆ ಬಿಸಿಯಾಗುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು ‘ನಂಬರ್’. ಕಾರ್ ಆಡಿಯೋದವರು ‘4 ಗೇಜ್’, ‘8 ಗೇಜ್’, ‘0 ಗೇಜ್’ ಅನ್ನುತ್ತಾರೆ. ಇದು ಅಮೆರಿಕದ ಅಳತೆ, ಎಡಬ್ಲ್ಯೂಜಿ. ಇದರಲ್ಲಿ 4 ಗೇಜ್ ಅಂದರೆ ಸುಮಾರು 21 ಚದರ ಮಿಲಿಮೀಟರ್ ತಾಮ್ರ, 8 ಗೇಜ್ ಅಂದರೆ ಸುಮಾರು 8.4, 0 ಗೇಜ್ ಅಂದರೆ 53ರ ಮೇಲೆ. ನಮ್ಮ ಮನೆ ವೈರಿಂಗ್ ಮಾಡುವವರ ಲೆಕ್ಕ ಬೇರೆ. ಅವರು ‘ಒಂದೂವರೆ’, ‘ಎರಡೂವರೆ’, ‘ನಾಲ್ಕು’ ಅನ್ನುತ್ತಾರೆ, ಅದು ನೇರವಾಗಿ ಚದರ ಮಿಲಿಮೀಟರ್. ಮಾತಿನಲ್ಲಿ ‘ಸ್ಕ್ವೇರ್’ ಬಿಟ್ಟುಹೋಗಿ ‘4 ಎಂಎಂ ವೈರ್’ ಆಗಿಬಿಟ್ಟಿದೆ. ಇದನ್ನು ಅಕ್ಷರಶಃ ತಗೊಂಡು ಅಡ್ಡಗಲ 4 ಮಿಲಿಮೀಟರ್ ಅಂದುಕೊಂಡರೆ ಸುಮಾರು 12.6 ಚದರ ಮಿಲಿಮೀಟರ್ ಆಗುತ್ತದೆ. ಇನ್ನು ಹಳೆಯ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಈಗಲೂ ಇರುವ ‘3/22’, ‘7/20’ ಬ್ರಿಟಿಷರ ಎಸ್‌ಡಬ್ಲ್ಯೂಜಿ ಲೆಕ್ಕ, ಅಂದರೆ 22 ನಂಬರಿನ ಮೂರು ಎಳೆ, 20 ನಂಬರಿನ ಏಳು ಎಳೆ. ಆ ಲೆಕ್ಕದಲ್ಲಿ 4 ನಂಬರ್ ತಂತಿ 27 ಚದರ ಮಿಲಿಮೀಟರ್ ದಾಟುತ್ತದೆ.

ಹೀಗೆ ‘4’ ಅನ್ನುವ ಒಂದೇ ಅಂಕಿಗೆ ನಾಲ್ಕು ಅರ್ಥ. ಅದರಲ್ಲಿ ಅತಿ ಚಿಕ್ಕದಕ್ಕೂ ಕಾರಿಗೆ ಬೇಕಾದ್ದಕ್ಕೂ ಐದು ಪಟ್ಟು ವ್ಯತ್ಯಾಸ. ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರಿ ಅಂಗಡಿಯಲ್ಲಿ ‘4ರದ್ದು ಕೊಡಿ’ ಅಂದರೆ ಒಂದು ವೈರ್ ಬರುತ್ತದೆ, ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅದೇ ಮಾತು ಹೇಳಿದರೆ ಮನೆಯ ಗೀಸರ್‌ಗೆ ಹಾಕುವ ವೈರ್ ಬರುತ್ತದೆ. ಇಬ್ಬರು ಅಂಗಡಿಯವರೂ ಸರಿಯಾಗೇ ಕೊಟ್ಟಿರುತ್ತಾರೆ.

ಐದು ಪಟ್ಟು ಅಂದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. 500 ವಾಟ್ ಆರ್‌ಎಂಎಸ್, ಅಂದರೆ ಸತತವಾಗಿ 500 ವಾಟ್ ಕೊಡುವ, ‘ಕ್ಲಾಸ್ ಡಿ’ ಬಗೆಯ (ಕಡಿಮೆ ಬಿಸಿಯಾಗುವ) ಆಂಪ್ಲಿಫೈಯರ್ ಇದೆ ಅನ್ನೋಣ (ಡಬ್ಬದ ಮೇಲೆ ದೊಡ್ಡದಾಗಿ ಬರೆದ ‘ಪೀಕ್’ ವಾಟ್ ಬೇಡ, ಅದರಿಂದ ವೈರ್ ಆರಿಸಲಾಗುವುದಿಲ್ಲ). ನೂರಕ್ಕೆ 80 ಪಾಲು ಕೆಲಸಕ್ಕೆ ಬಂದು ಉಳಿದದ್ದು ಬಿಸಿಯಾಗಿ ಹೋಗುತ್ತದೆ ಅಂತಿಟ್ಟುಕೊಂಡರೆ ಅದು ಪೂರ್ತಿ ದನಿಯಲ್ಲಿ 625 ವಾಟ್ ಎಳೆಯುತ್ತದೆ. ಇಂಜಿನ್ ಓಡುವಾಗ ಸಿಗುವ 13.8 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 45 ಆಂಪಿಯರ್. ಬಾನೆಟ್‌ನಿಂದ ಡಿಕ್ಕಿಗೆ 5 ಮೀಟರ್ ವೈರ್ ಬೇಕಾದರೆ, 4 ಗೇಜ್ ತಾಮ್ರದಲ್ಲಿ ಕಳೆದುಹೋಗುವುದು 0.2 ವೋಲ್ಟ್‌ಗೂ ಕಡಿಮೆ. 4 ಚದರ ಮಿಲಿಮೀಟರ್ ವೈರ್‌ನಲ್ಲಿ ಹೆಚ್ಚುಕಡಿಮೆ 1 ವೋಲ್ಟ್ ಹೋಗುತ್ತದೆ, ಅಂದರೆ ವೈರ್ ಒಳಗೇ 40 ವಾಟ್‌ಗಿಂತ ಜಾಸ್ತಿ ಬಿಸಿ. ಗಾಳಿಯಾಡದ ಕಾರ್ಪೆಟ್ ಕೆಳಗೆ ಇದು ಚಿಕ್ಕ ವಿಷಯ ಅಲ್ಲ.

ಅದಕ್ಕೆ ಕೈಪಿಡಿಯಲ್ಲಿ ಎಲ್ಲ ಕಡೆ ಚದರ ಮಿಲಿಮೀಟರನ್ನೇ ಮುಂದಿಟ್ಟು, ಗೇಜನ್ನು ಪಕ್ಕದಲ್ಲಿ ಹೇಳುವುದು ಅಂತ ತೀರ್ಮಾನಿಸಿದ್ದೇನೆ. ‘21 ಚದರ, ಅಂದರೆ 4 ಗೇಜ್’ ಅನ್ನುವ ಹಾಗೆ. ಆದರೆ ಗೇಜ್‌ನಲ್ಲಿ ಅಂಕಿ ಹೆಚ್ಚಿದಷ್ಟೂ ತಂತಿ ಸಣ್ಣದಾಗುತ್ತದೆ ಅನ್ನುವುದನ್ನೂ ತಿಳಿಸಬೇಕು. ತಂತಿಯನ್ನು ಒಂದಕ್ಕಿಂತ ಒಂದು ಸಣ್ಣ ತೂತುಗಳಲ್ಲಿ ಎಷ್ಟು ಸಲ ಎಳೆದರು ಅನ್ನುವುದರಿಂದ ಬಂದ ಲೆಕ್ಕ ಅದು. ಇದನ್ನು ಹೇಳಲು ನೇಕಾರರ ಮಾತು ನೆನಪಾಯಿತು. ಹತ್ತಿ ನೂಲಿನ ಕೌಂಟ್ ಕೂಡ ಹೀಗೇ, 40ರ ನೂಲಿಗಿಂತ 80ರ ನೂಲು ಸಣ್ಣ. ರೇಷ್ಮೆಯ ಡೆನಿಯರ್ ಮಾತ್ರ ತಿರುಗಾಮುರುಗಾ, ಅಲ್ಲಿ ಅಂಕಿ ದೊಡ್ಡದಾದರೆ ಎಳೆ ದಪ್ಪ. ಎರಡು ಲೆಕ್ಕವನ್ನೂ ಬಲ್ಲ ಜನ ನಮ್ಮಲ್ಲಿ ಇದ್ದಾರೆ. ನೇಕಾರಿಕೆಯ ಮನೆಗಳಲ್ಲಿ ಇಂಥ ಇಳಿಲೆಕ್ಕಕ್ಕೆ ಬೇರೆ ಹೆಸರು ಇದ್ದರೆ ದಯವಿಟ್ಟು ಬರೆಯಿರಿ, ಹಾಗೇ ಎತ್ತಿಕೊಳ್ಳುತ್ತೇನೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ಪದ ‘ದಪ್ಪ’. ‘ದಪ್ಪ ವೈರ್ ಹಾಕಿ’ ಅಂತ ಬರೆದರೆ ಸಾಲದು. ಅಗ್ಗದ ಕಿಟ್‌ಗಳಲ್ಲಿ ಮೇಲಿನ ಪ್ಲಾಸ್ಟಿಕ್ ದಪ್ಪ ಇರುತ್ತದೆ, ಒಳಗೆ ಲೋಹ ಕಡಿಮೆ. ಆ ಲೋಹವೂ ಎಷ್ಟೋ ಸಲ ಪೂರ್ತಿ ತಾಮ್ರ ಅಲ್ಲ, ಅಲ್ಯುಮಿನಿಯಂ ಮೇಲೆ ತಾಮ್ರದ ತೆಳು ಹೊದಿಕೆ, ಸಿಸಿಎ ಅನ್ನುತ್ತಾರೆ. ಅಲ್ಯುಮಿನಿಯಂ ತಾಮ್ರದ ನೂರಕ್ಕೆ ಸುಮಾರು 60 ಪಾಲು ಮಾತ್ರ ಕರೆಂಟ್ ಸಾಗಿಸಬಲ್ಲದು, ಹಾಗಾಗಿ ಇದು ತಗೊಂಡರೆ ಒಂದೆರಡು ಗಾತ್ರ ಮೇಲಿನದ್ದೇ ಬೇಕು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. (ತವರ ಲೇಪಿಸಿದ ತಾಮ್ರ ಇದಕ್ಕೆ ಉಲ್ಟಾ, ಮೇಲೆ ಬೆಳ್ಳಗೆ, ಕೆರೆದರೆ ಕೆಂಪು. ಅದು ಒಳ್ಳೆಯ ವೈರ್.) ಶಾಲೆಯ ಪುಸ್ತಕದ ‘ಅಡ್ಡಕೊಯ್ತದ ವಿಸ್ತೀರ್ಣ’ ಕರಾರುವಾಕ್ಕಾದ ಪದವೇ, ಆದರೆ ಗ್ಯಾರೇಜಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ‘ತಾಮ್ರ ಎಷ್ಟು ಚದರ?’ ಅಂತ ಕೇಳಿ ಅಂತ ಬರೆದರೆ ಹೇಗೆ? ನನಗೆ ಇದು ಹಿಡಿಸಿದೆ.

ಎರಡನೆಯದು ‘ಅರ್ತ್’. ಇದು ನನಗೆ ಜಾಸ್ತಿ ಚಿಂತೆಯ ಪದ. ಆಂಪ್ಲಿಫೈಯರ್‌ನ ಮೈನಸ್ ತುದಿಯನ್ನು ಕಾರಿನ ಬಾಡಿಗೆ ಜೋಡಿಸುವುದಕ್ಕೆ ಎಲ್ಲರೂ ‘ಬಾಡಿ ಅರ್ತ್’ ಅನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಬರೆದರೆ ‘ಭೂಸಂಪರ್ಕ’ ಆಗುತ್ತದೆ. ಟೈರ್ ಮೇಲೆ ನಿಂತ ಕಾರಿಗೆ ಭೂಮಿಯ ಸಂಪರ್ಕ ಎಲ್ಲಿಂದ ಬಂತು? ಇದು ಬರೀ ಪದದ ಶುದ್ಧಿಯ ಮಾತಲ್ಲ. ಮನೆಯ ಅರ್ತ್ ವೈರ್ ಹಸಿರು ಬಣ್ಣದ್ದು, ಎಷ್ಟೋ ಕಡೆ ಉಳಿದೆರಡಕ್ಕಿಂತ ಸಣ್ಣದು, ಏನಾದರೂ ಕೆಟ್ಟಾಗ ಮಾತ್ರ ಅದರಲ್ಲಿ ಕರೆಂಟ್ ಹರಿಯುತ್ತದೆ. ಕಾರಿನಲ್ಲಿ ಹಾಗಲ್ಲ. ಪ್ಲಸ್ ವೈರ್‌ನಲ್ಲಿ ಹೋದ 45 ಆಂಪಿಯರ್ ಪೂರ್ತಿ ಈ ದಾರಿಯಲ್ಲೇ ಬ್ಯಾಟರಿಗೆ ವಾಪಸ್ ಬರಬೇಕು. ‘ಅರ್ತ್ ತಾನೇ’ ಅಂತ ಮನೆಯ ರೂಢಿಯಲ್ಲೇ ಸಣ್ಣ ತುಂಡು ಹಾಕಿ, ಪೇಂಟ್ ಕೆರೆಯದೆ ಯಾವುದೋ ಸ್ಕ್ರೂಗೆ ಬಿಗಿದರೆ, ಪ್ಲಸ್ ಕಡೆ ಎಷ್ಟು ಒಳ್ಳೆಯ ವೈರ್ ಹಾಕಿದ್ದರೂ ಪ್ರಯೋಜನ ಇಲ್ಲ. ಪ್ಲಸ್‌ಗೆ ಯಾವ ಗಾತ್ರವೋ ಇದಕ್ಕೂ ಅದೇ ಗಾತ್ರ, ಉದ್ದ ಆದಷ್ಟು ಕಡಿಮೆ, ಬರಿಯ ಲೋಹಕ್ಕೆ ಬಿಗಿಯಾದ ಬೋಲ್ಟ್.

ಹಾಗಾಗಿ ‘ಅರ್ತ್’ ಬಿಟ್ಟು ‘ಬಾಡಿ ಮೈನಸ್’ ಅಂತ ಬರೆಯೋಣ ಅನ್ನಿಸಿದೆ. ‘ವಾಪಸ್ ವೈರ್’ ಅನ್ನುವುದು ಕೆಲಸವನ್ನೇ ಹೇಳುವುದರಿಂದ ಇನ್ನೂ ಚೆನ್ನಾಗಿದೆ, ಆದರೆ ಹೊಸದು, ಓದಿದವರು ಅಂಗಡಿಯಲ್ಲಿ ಹೇಳಿದರೆ ಅರ್ಥ ಆಗುತ್ತದೋ ಇಲ್ಲವೋ. ‘ಭೂಸಂಪರ್ಕ’ ಮಾತ್ರ ಖಂಡಿತ ಬೇಡ.

ಕೊನೆಗೆ ‘ಆಂಪ್’. ಆಂಪಿಯರ್‌ಗೂ ಆಂಪ್ಲಿಫೈಯರ್‌ಗೂ ಇದೇ ತುಂಡು ಪದ ಓಡುತ್ತಿದೆ. ‘ಆಂಪ್ ನೋಡಿ ಫ್ಯೂಸ್ ಹಾಕಿ’ ಅಂದರೆ ಯಾವ ಆಂಪ್? ಬ್ಯಾಟರಿ ಹತ್ತಿರದ ಫ್ಯೂಸ್ ಇರುವುದು ವೈರ್ ಕಾಪಾಡಲು, ವೈರ್ ತಾಳುವಷ್ಟಕ್ಕಿಂತ ಅದು ಹೆಚ್ಚಿರಬಾರದು, ಬ್ಯಾಟರಿಯಿಂದ ಒಂದೂವರೆ ಅಡಿಯ ಒಳಗೇ ಇರಬೇಕು. ಆಂಪಿಯರ್, ಆಂಪ್ಲಿಫೈಯರ್ ಎರಡನ್ನೂ ನಾನು ಪೂರ್ತಿಯಾಗಿಯೇ ಬರೆಯುತ್ತೇನೆ, ಚರ್ಚೆಗೆ ಜಾಗ ಇಲ್ಲ.

ನನಗೆ ಬೇಕಾದದ್ದು ಇಷ್ಟು. ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆ ಗ್ಯಾರೇಜುಗಳಲ್ಲಿ ಕಾರಿನ ಮೈನಸ್ ಜೋಡಣೆಗೆ ಏನನ್ನುತ್ತಾರೆ? ‘ಅರ್ತ್’ ಬಿಟ್ಟು ಬೇರೆ ಮಾತು ಕೇಳಿದ್ದೀರಾ? ‘ಚದರ’ ಅಂತಷ್ಟೇ ಹೇಳಿದರೆ ನಿಮ್ಮ ಊರಿನ ಎಲೆಕ್ಟ್ರಿಕಲ್ ಅಂಗಡಿಯವರಿಗೆ ತಿಳಿಯುತ್ತದಾ, ಅಥವಾ ‘ಸ್ಕ್ವೇರ್’ ಅಂತಲೇ ಬರೆಯಲಾ?