ಅಪ್‌ಡೇಟ್: ರಥಬೀದಿಯ ಹಣತೆಗಳ ಬೆಳಕಿನಲ್ಲೇ ತೆಗೆದ ವಿಡಿಯೊ

ಉಡುಪಿಯ ಲಕ್ಷದೀಪೋತ್ಸವವನ್ನು ಹೆಚ್ಚುವರಿ ಲೈಟ್ ಇಲ್ಲದೆ ಚಿತ್ರೀಕರಿಸಿದಾಗ ದೃಶ್ಯವೆಲ್ಲ ಕಾಳುಕಾಳಾಗಿ ಬರುತ್ತದೆ, ಅಂಗಡಿ ದೀಪಗಳ ಕೆಳಗೆ ಪಟ್ಟೆಗಳು ಓಡುತ್ತವೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ.

ಪಟ್ಟೆಗಳು ಒಂದೇ ಬದಲಾವಣೆಯಿಂದ ಹೋದವು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಸೆಕೆಂಡಿಗೆ 30 ಫ್ರೇಮ್ (ಚಿತ್ರ), 1/60 ಸೆಕೆಂಡಿನ ಶಟರ್ (ಪ್ರತಿ ಚಿತ್ರಕ್ಕೆ ಬೆಳಕು ಒಳಬಿಡುವ ಅವಧಿ) ಎಂಬ ನನ್ನ ಹೊಂದಾಣಿಕೆ ಅದಕ್ಕೆ ಹೊಂದುತ್ತಿರಲಿಲ್ಲ. 25 ಫ್ರೇಮ್, 1/50 ಮಾಡಿದೆ, ಅಷ್ಟೆ.

ಕಾಳುಗಳ ವಿಚಾರದಲ್ಲಿ ಲೆನ್ಸ್‌ನದೇ ದೊಡ್ಡ ಪಾತ್ರ. ಕ್ಯಾಮೆರಾದೊಂದಿಗೆ ಬಂದ ಎಫ್/3.5 ಲೆನ್ಸ್ ಬಿಟ್ಟು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು), ಸ್ನೇಹಿತರಿಂದ ಪಡೆದ 50 ಎಂಎಂ ಎಫ್/1.8 ಹಾಕಿದಾಗ ಸುಮಾರು ನಾಲ್ಕು ಪಟ್ಟು ಬೆಳಕು ದೊರೆತು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ, ಹೆಚ್ಚಿಸಿದಷ್ಟೂ ಕಾಳು ಹೆಚ್ಚು) 6400ರಿಂದ 1600ಕ್ಕೆ ಇಳಿಯಿತು. ಆದರೆ ಫೋಕಸ್ ನಿಲ್ಲುವ ಆಳ ತೀರಾ ಕಡಿಮೆಯಾದ್ದರಿಂದ, ಆಟೊಫೋಕಸ್ ಕತ್ತಲೆಯಲ್ಲಿ ತಡಕಾಡುವುದನ್ನು ಕಂಡು, ಕೈಯಿಂದಲೇ ಫೋಕಸ್ ಮಾಡಬೇಕಾಯಿತು.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಬಣ್ಣ. ಆಟೊ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನಾಗಿಯೇ ಬಣ್ಣ ಹೊಂದಿಸುವ ವ್ಯವಸ್ಥೆ) ಹಣತೆಯ ಹೊಂಬಣ್ಣವನ್ನೇ ತೊಳೆದುಬಿಡುತ್ತಿತ್ತು. ಅದನ್ನು ಬಿಟ್ಟು ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ (ಬೆಳಕಿನ ಬಣ್ಣದ ಅಳತೆ) ಕಟ್ಟಿಹಾಕಿ, ಜ್ವಾಲೆ ಬೆಳ್ಳಗಾದರೂ ಆಗಲಿ ಎಂದು ದೀಪ ಹಚ್ಚುವವರ ಮುಖಕ್ಕೆ ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಪ್ರಮಾಣ) ಹೊಂದಿಸಿದಾಗ, ಕಣ್ಣಿಗೆ ಕಂಡ ಆ ಸಂಜೆಯೇ ಪರದೆಯ ಮೇಲೆ ಬಂತು. ದೀಪದ ಸಾಲು ಅವರ ಮುಂದೆ ಇರುವಂತೆ, ನಾನು ಸ್ವಲ್ಪ ಪಕ್ಕಕ್ಕೆ ನಿಂತಿದ್ದೂ ನೆರವಾಯಿತು.

ನಿಮ್ಮಲ್ಲೊಬ್ಬರು ಸೂಚಿಸಿದ 1/25 ಶಟರ್ ನಿಶ್ಚಲ ಹಣತೆಗಳಿಗೆ ಚೆನ್ನಾಗಿತ್ತು, ರಥ ಚಲಿಸಲಾರಂಭಿಸಿದೊಡನೆ ಎಲ್ಲವೂ ಮಸುಕಾಯಿತು. ಕೂಡಲೇ 1/50ಕ್ಕೆ ಮರಳಿದೆ.